ಅರ್ಧ ಉಡದಾರ

ಹಿತ್ತಲಿನ ಮಾವಿನ ಮರ ಸತ್ತಿದೆ ಎಂದು ಮೊದಲು ಒಪ್ಪಿಕೊಂಡವರು ನಮ್ಮ ಅತ್ತೆ ಗದಿಗೆವ್ವ. ಅದು ಎರಡು ಸಾವಿರದ ಏಳರ ಯುಗಾದಿ. ತೋರಣಕ್ಕೆ ಎಲೆ ತರುತ್ತೇನೆಂದು ಹೋದವರು ಬರಿಗೈಯಲ್ಲಿ ಬಂದು ಅಡುಗೆಮನೆಯ ಬಾಗಿಲಲ್ಲಿ ಕುಳಿತುಬಿಟ್ಟರು.

"ಪುಷ್ಪಾ, ಎಲಿ ಹಿಡಿದ್ರ ಹಪ್ಪಳದಂಗ ಪುಡಿ ಆಗಾಕತ್ತಾವ. ಒಂದರ ಚಿಗುರಿಲ್ಲ. ಗಿಡ ಹೋಗೇತಿ."

ಬೇವು ಬೆಲ್ಲ ಕಲಸುತ್ತಿದ್ದ ನಾನು ಇನ್ನೂ ತಿರುಗಿರಲಿಲ್ಲ, ಪಡಸಾಲೆಯಿಂದ ಮಾವ ಶಂಕ್ರಪ್ಪನವರ ದನಿ ಬಂತು. "ತಾನಾಗಿ ಹೋಗಿಲ್ಲದು. ಕೊಂದಾನ."

ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹೆಸರಿಲ್ಲದೆ ಓಡಾಡುವ 'ಅವನು' ಒಬ್ಬನೇ. ಮಾವನ ತಮ್ಮ ರುದ್ರಮುನಿ, ನನಗೆ ಚಿಕ್ಕಮಾವ. ದೂರವೇನಿಲ್ಲ, ಪಕ್ಕದ ಮನೆ.

ಬ್ಯಾಡಗಿಯಿಂದ ಕದರಮಂಡಲಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ನಾನು ಮದುವೆಯಾಗಿ ಬರುವ ಮೊದಲೇ ಅಣ್ಣತಮ್ಮಂದಿರು ಹಿಸ್ಸೆಯಾಗಿದ್ದರು. ಹೊಲ, ಎತ್ತು, ಹಂಡೆ, ಎಲ್ಲ ಹಂಚಿಕೊಂಡರಂತೆ. ಮರ ಮಾತ್ರ ಹಂಚಲು ಬರಲಿಲ್ಲ. ಕೊನೆಗೆ ಊರ ಹಿರಿಯರು ಯೋಚನೆ ಮಾಡಿ, ಹಿತ್ತಲಿನ ನಡುವೆ ಕಲ್ಲು ಮಣ್ಣಿನ ಗೋಡೆ ಎಳೆಸಿದರು. ಗೋಡೆ ಮರದ ತನಕ ಬಂದು ನಿಲ್ಲುತ್ತದೆ, ಮರದ ಆಚೆಯಿಂದ ಮತ್ತೆ ಶುರುವಾಗುತ್ತದೆ. ಬೊಡ್ಡೆಯ ಅರ್ಧ ಮೈ ನಮ್ಮ ಹಿತ್ತಲಿಗೆ, ಅರ್ಧ ಮೈ ಅವರ ಹಿತ್ತಲಿಗೆ. ನಮ್ಮ ಕಡೆ ಚಾಚಿದ ಟೊಂಗೆಯ ಕಾಯಿ ನಮಗೆ, ಆ ಕಡೆಯದು ಅವರಿಗೆ. ಎಂಥ ಜಾಣ ಹಂಚಿಕೆ ಎಂದು ಆಗ ಎಲ್ಲರೂ ಹೊಗಳಿದ್ದರಂತೆ. ನನ್ನನ್ನು ಕೇಳಿದ್ದರೆ ಅವತ್ತೇ ಕಡಿದು ಒಲೆಗೆ ಹಾಕಿ ಎನ್ನುತ್ತಿದ್ದೆ.

ಮಾವಿನ ಮರಕ್ಕೊಂದು ಸ್ವಭಾವವಿದೆ. ಒಂದು ವರ್ಷ ಒಂದು ಮಗ್ಗುಲು ಕಾಯಿ ಹಿಡಿದರೆ ಮರುವರ್ಷ ಆ ಮಗ್ಗುಲು ದಣಿದು ಸುಮ್ಮನಿರುತ್ತದೆ, ಇನ್ನೊಂದು ಮಗ್ಗುಲು ಹಿಡಿಯುತ್ತದೆ. ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮನೆಯಲ್ಲಿ ಇದನ್ನು ಎಷ್ಟೋ ಸಲ ಹೇಳಿದೆ. "ಅದು ನಿನ್ನ ಪುಸ್ತಕದಾಗಿನ ಗಿಡ" ಎಂದು ಮಾವ ಮಾತು ಮುರಿದರು. ನಮ್ಮ ಕಡೆ ಬರಿದಾದ ವರ್ಷ, ಅವನು ಬಚ್ಚಲ ನೀರು ಬೇರಿಗೆ ತಿರುಗಿಸಿ ಸಾರವನ್ನೆಲ್ಲ ತನ್ನ ಕಡೆ ಎಳೆದುಕೊಂಡ ಎಂದು ಇವರ ಗುಮಾನಿ. ಆ ಕಡೆ ಬರಿದಾದ ವರ್ಷ, ಅಣ್ಣ ಬುಡಕ್ಕೆ ತಿಪ್ಪೆ ಹಾಕಿ ಗಿಡವನ್ನು ಒಲಿಸಿಕೊಂಡ ಎಂದು ಅವರ ಗುಮಾನಿ. ಸರದಿಯ ಮೇಲೆ ಇಬ್ಬರಿಗೂ ಹೊಟ್ಟೆಯುರಿ. ಅಷ್ಟರ ಮಟ್ಟಿಗೆ ಮರ ನ್ಯಾಯವಾಗಿಯೇ ನಡೆದುಕೊಳ್ಳುತ್ತಿತ್ತು.

ಆದರೆ ಹೋದ ವರ್ಷ ಅದು ತನ್ನ ನಿಯಮ ತಾನೇ ಮುರಿದಿತ್ತು. ಎರಡೂ ಕಡೆ ಏಕಕಾಲಕ್ಕೆ ಹಿಡಿಯಿತು. ಟೊಂಗೆಗಳು ಗೋಡೆಯ ಮೇಲೆ ಒರಗುವಷ್ಟು ಕಾಯಿ. ಅಗಡಿಯಿಂದ ನೆಂಟರು ಬಂದು ನೋಡಿ ಹೋದರು. ನಾವು ಉಪ್ಪಿನಕಾಯಿ ಹಾಕಿ ಸಾಕಾಗಿ ಓಣಿಗೆಲ್ಲ ಹಂಚಿದೆವು. ಮಾವ ಮೀಸೆಯಡಿ ನಕ್ಕರು. ಗೋಡೆಯಾಚೆ ಚಿಕ್ಕಮಾವನೂ ನಗುತ್ತಿದ್ದರೆಂದು ತಂಗಿ ಹೇಳಿದಳು. ಮಳೆಗಾಲ ಮುಗಿಯುತ್ತಲೇ ಎಲೆ ಹಳದಿಗೆ ತಿರುಗಿತು. ಯುಗಾದಿಗೆ ಹೀಗೆ.

ತಂಗಿ ಎಂದೆನಲ್ಲ, ಸುರೇಖಾ ನನ್ನ ಒಡಹುಟ್ಟಿದವಳು. ನಾವಿಬ್ಬರೂ ರಾಣೇಬೆನ್ನೂರಿನವರು. ನನ್ನನ್ನು ಶಂಕ್ರಪ್ಪನವರ ಮಗ ಶಂಭುಲಿಂಗನಿಗೆ ಕೊಟ್ಟ ಮೇಲೆ ಅವಳನ್ನು ರುದ್ರಮುನಿಯವರ ಮಗನಿಗೆ ಕೇಳಿ ಬಂದರು. ಅಕ್ಕತಂಗಿ ಅಕ್ಕಪಕ್ಕ ಇರುತ್ತೀರಿ ಎಂದು ಅಪ್ಪ ಸಂತೋಷಪಟ್ಟ. ಪಾಪ, ಮುಂಬಾಗಿಲಿಂದ ಬಂದು ಮುಂಬಾಗಿಲಿಂದಲೇ ಹೋದವನು, ಹಿತ್ತಲು ನೋಡಿರಲಿಲ್ಲ.

ಯುಗಾದಿಯ ಮರುದಿನದಿಂದ ನಮ್ಮ ಮನೆ ಪೊಲೀಸ್ ಠಾಣೆಯಾಯಿತು. ಮರಕ್ಕೆ ತೂತು ಕೊರೆದು ಇಂಗು ತುಂಬಿದರೆ ಸಾಯುತ್ತದೆ ಎಂದು ನಮ್ಮ ಕಡೆ ನಂಬಿಕೆ. ಮಾವ ಬ್ಯಾಡಗಿಯಿಂದ ಕಟ್ಟಿಗೆ ವ್ಯಾಪಾರದ ಬುಡನಸಾಬನನ್ನು ಕರೆಸಿ ಏಣಿ ಹತ್ತಿಸಿದರು. ಆತ ನಮ್ಮ ಕಡೆಯ ಟೊಂಗೆ, ಕವಲು ಎಲ್ಲ ಮೂಸಿ ನೋಡಿ, "ತೂತಿಲ್ರಿ ಸಾವ್ಕಾರ, ಇಂಗೂ ಇಲ್ಲ. ಕೊಡೂದಿದ್ರ ಹೇಳ್ರಿ, ಒಯ್ತೀನಿ" ಎಂದ. ಪುರಾವೆ ಒಯ್ಯಲು ಬಂದ ಕಳ್ಳನೆಂಬಂತೆ ಮಾವ ಅವನನ್ನು ನೋಡಿದರು. ಆಮೇಲೆ ಬುಡದ ಮಣ್ಣು ಅಗೆದು ಮೂಸಿದರು, ಸೀಮೆಎಣ್ಣೆಯೋ ಆ್ಯಸಿಡ್ಡೋ ಎಂದು. ಚಿಕ್ಕಮಾವ ಅಂಗಡಿಯಿಂದ ಯಾವ ಡಬ್ಬಿ ತಂದರು, ಕಳೆನಾಶಕ ಯಾವತ್ತು ತಂದರು ಎಂದು ಓಣಿಯವರನ್ನೆಲ್ಲ ವಿಚಾರಿಸಿದರು. ಗೋಡೆಯಾಚೆಯೂ ಹಾರೆಯ ಸದ್ದು ಕೇಳಿಸುತ್ತಿತ್ತು. ಅವರೂ ಅಗೆಯುತ್ತಿದ್ದರು, ಅವರೂ ಮೂಸುತ್ತಿದ್ದರು.

ನನಗೆ ವಿಷದ ಮಾತು ಮೊದಲಿಂದಲೂ ನಂಬಿಕೆಯಾಗಲಿಲ್ಲ. ಮರದಡಿಯ ಗರಿಕೆ ಹಸಿರಾಗಿತ್ತು. ಪಕ್ಕದ ಕರಿಬೇವಿಗೆ ಏನೂ ಆಗಿರಲಿಲ್ಲ. ಮಣ್ಣಿಗೆ ಸುರಿದ ವಿಷ ಮಾವಿನ ಬೇರನ್ನಷ್ಟೇ ಹುಡುಕಿಕೊಂಡು ಹೋಗುತ್ತದೆಯೇ? ಹೀಗೆ ಒಂದು ಗುಮಾನಿ ಕೈಬಿಟ್ಟ ನನಗೆ ಬೇರೊಂದು ಗುಮಾನಿ ಅಂಟಿಕೊಂಡಿತು. ನಮ್ಮ ಕಡೆಯ ಬೊಡ್ಡೆಗೆ ಒತ್ತಿ ತೊಗರಿ ಕಟ್ಟಿಗೆಯ ದೊಡ್ಡ ಒಟ್ಟಲು ಇದೆ. ಮಾವ ಊರಿನವರ ಹಿತ್ತಲನ್ನೆಲ್ಲ ಅನುಮಾನಿಸಿದರು, ಬುಡನಸಾಬನನ್ನು ಟೊಂಗೆಗೆ ಹತ್ತಿಸಿದರು, ಆ ಒಟ್ಟಲನ್ನು ಮಾತ್ರ ಸರಿಸಲಿಲ್ಲ. ಒಲೆಗೆಂದು ನಾನು ಅಲ್ಲಿಂದ ಒಂದು ಹೊರೆ ಎಳೆದಾಗ, "ಅದನ್ನ ಮುಟ್ಟಬ್ಯಾಡ, ಹಾವು ಅದಾವು" ಎಂದು ಕೂಗಿದರು. ಅದೇ ಒಟ್ಟಲಿನ ಮೇಲೆ ಅತ್ತೆ ದಿನಾ ಹಪ್ಪಳ ಒಣಗಿಸುತ್ತಾರೆ.

ಜಗಳ ಗೋಡೆ ದಾಟಿ ಬೀದಿಗೆ ಬಂದದ್ದು ಆ ವಾರವೇ. ಇಬ್ಬರೂ ಕಟ್ಟೆಯ ಮೇಲೆ ನಿಂತು ಊರಿಗೆ ಕೇಳುವಂತೆ ಬೈದಾಡಿದರು. ಹಿರಿಯ ಗುಡದಪ್ಪ ನಡುವೆ ಬಂದ.

"ಆಣಿ ಮಾಡ್ಲಿ!" ಎಂದರು ಮಾವ. "ಕದರಮಂಡಲಗಿ ಹನುಮಪ್ಪನ ಮುಂದ ಒದ್ದಿ ಅರಬೀಲೆ ನಿಂತು, ಬಸುರಿ ಸೊಸಿ ತಲಿ ಮ್ಯಾಲೆ ಕೈ ಇಟ್ಟು, ಗಿಡ ನಾ ಕೊಂದಿಲ್ಲ ಅಂತ ಹೇಳ್ಲಿ ನೋಡೂಣು!"

ಚಿಕ್ಕಮಾವ ಹಿಂಜರಿಯಲಿಲ್ಲ. "ಮಾಡ್ತೀನಿ. ನೀನೂ ಅದ ತಲಿ ಮ್ಯಾಲೆ ಕೈ ಇಟ್ಟು ಮಾಡು. ನಿನ್ನ ಮನ್ಯಾಗಂತೂ ಇನ್ನೂ ಕೂಸಿಲ್ಲ. ಇಬ್ಬರಿಗೂ ಮದಲನೇ ಮಮ್ಮಗ ಅದ."

ನನ್ನ ಮನೆಯಲ್ಲಿ ಕೂಸಿಲ್ಲ ಎಂದು ಬೀದಿಯಲ್ಲಿ ಅಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ಆದರೆ ಎದುರು ಮೆಟ್ಟಿಲ ಮೇಲೆ ಸುರೇಖಾ ನಿಂತಿದ್ದಳು. ಏಳು ತಿಂಗಳ ಹೊಟ್ಟೆ. ಅವಳ ಮುಖ ನೋಡಿ ನನ್ನ ಉರಿ ಎಲ್ಲಿ ಹೋಯಿತೋ. ಬರುವ ಶನಿವಾರ ಎಂದು ಗುಡದಪ್ಪ ದಿನ ಗೊತ್ತು ಮಾಡಿದ. ಆಣೆಯಾದ ಮೇಲೆ ಎರಡು ಮನೆಗೂ ನೀರು, ಬೆಂಕಿ, ಮಾತು, ಎಲ್ಲ ಬಂದ್. ಅದು ನಮ್ಮಲ್ಲಿ ಹೇಳದೆಯೇ ಗೊತ್ತಿರುವ ನಿಯಮ.

ಮರುದಿನ ಬ್ಯಾಡಗಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅವಳು ಕುಳಿತಿದ್ದಳು, ದವಾಖಾನೆಗೆ ಹೊರಟಿದ್ದಳು. ಬಸ್ಸಿನ ತುಂಬ ನಮ್ಮೂರಿನವರೇ. ನಾನು ಕಿಟಕಿಯ ಕಡೆ ಮುಖ ಮಾಡಿದೆ, ಅವಳೂ ಕಿಟಕಿಯ ಕಡೆ ಮುಖ ಮಾಡಿದಳು. ಹಾಗೆ ಹೊಲಗಳ ಜೊತೆ ಮಾತಾಡುವವರಂತೆ ಮಾತಾಡಿದೆವು.

"ಅಕ್ಕಾ, ಊಟ ಹೋಗವಲ್ದು. ತುತ್ತು ಬಾಯಾಗ ಇಟ್ಟರ ಹೊರಗ ಬರತೈತಿ."

"ಆಣಿಗೆಲ್ಲ ಹೆದರ್ತಾರೇನ ಹುಚ್ಚಿ? ಬಾಯಿಮಾತು ಹೊಟ್ಟಿ ಒಳಗಿನ ಕೂಸಿಗೆ ಏನ ಮಾಡ್ತೈತಿ?"

"ಖರೇ ಆಣಿ ಆಗಿದ್ರ ನಾನೂ ಹೆದರ್ತಿರಲಿಲ್ಲ." ಅವಳ ದನಿ ಇಳಿಯಿತು. "ಹ್ವಾದ ವರ್ಷದ ಹಿಂದಿನ ಮಳಿಗಾಲದಾಗ, ಮಟಮಟ ಮಧ್ಯಾಹ್ನ, ಮಾವ ಕುಡಗೋಲು ಹಿಡಕೊಂಡು ಹಿತ್ತಲಕ್ಕ ಹ್ವಾದ್ರು. ಬರೂವಾಗ ಕೈ ತುಂಬ ಮಾವಿನ ಸೊನಿ. ಬೂದಿ ಹಚ್ಚಿ ಹಚ್ಚಿ ತೊಳಕೊಂಡ್ರು. ಏನು ಅಂತ ಕೇಳಿದ್ರ, ಏನಿಲ್ಲ, ಒಳಗ ನಡಿ ಅಂದ್ರು. ಅವರ ಏನೋ ಮಾಡ್ಯಾರ ಅಕ್ಕಾ. ಸುಳ್ಳ ಆಣಿ ನನ್ನ ತಲಿ ಮ್ಯಾಲೆ ಮಾಡ್ತಾರ. ಮದಲನೇದಂತೂ ನಿಲ್ಲಲಿಲ್ಲ. ಇದಕ್ಕೂ ಏನರ ಆದ್ರ?"

ನನಗೆ ಆಣೆಯಲ್ಲಿ ನಂಬಿಕೆಯಿಲ್ಲ. ಆದರೆ ಹೆದರಿ ಊಟ ಬಿಟ್ಟ ಬಸುರಿಯ ಕೂಸಿಗೆ ಏನಾಗುತ್ತದೆ ಎನ್ನುವುದರಲ್ಲಿ ನಂಬಿಕೆಯಿದೆ. ನಾಳೆ ಆ ಕೂಸಿಗೆ ನೆಗಡಿ ಬಂದರೂ ಊರು ಏನನ್ನುತ್ತದೆ ಎಂಬುದೂ ಗೊತ್ತಿದೆ. ಬಸ್ಸು ಇಳಿದಾಗ ಅವಳ ಕೈ ಹಿಡಿಯಬೇಕು ಅನಿಸಿತು. ಹಿಂದೆಯೇ ನಮ್ಮ ಓಣಿಯ ಉಚ್ಚಂಗೆವ್ವ ಇಳಿದಳು, ಹಿಡಿಯಲಿಲ್ಲ.

ಶಾಲೆಗೆ ಅರ್ಧ ದಿನ ರಜೆ ಹಾಕಿ ಮನೆಗೆ ಮರಳಿದೆ. ಮಾವ ಮೆಣಸಿನಕಾಯಿ ಚೀಲಗಳ ಜೊತೆ ಬ್ಯಾಡಗಿ ಪೇಟೆಗೆ ಹೋಗಿದ್ದರು, ಸಂಜೆಯ ತನಕ ಬರುವುದಿಲ್ಲ. ನಾನು ಸೀರೆ ಸಿಕ್ಕಿಸಿ ತೊಗರಿ ಕಟ್ಟಿಗೆಯ ಒಟ್ಟಲು ಎಳೆದು ಹಾಕತೊಡಗಿದೆ. ಹಾವು ಇರಲಿಲ್ಲ. ಸೊಂಟದೆತ್ತರಕ್ಕೆ ಬೊಡ್ಡೆಗೆ ಸಗಣಿ ಮಣ್ಣು ಮೆತ್ತಿದ ಪಟ್ಟಿ ಇತ್ತು, ಗೋಡೆಯ ಈ ಸಂದಿಯಿಂದ ಆ ಸಂದಿಯ ತನಕ. ಕಲ್ಲಿನಿಂದ ತಟ್ಟಿದೆ. ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಒಳಗೆ ತೊಗಟೆಯೇ ಇಲ್ಲ. ಅಂಗೈ ಅಗಲದಷ್ಟು ಪಟ್ಟಿ ಸುಲಿದು ತೆಗೆದಿದ್ದರು, ಬರಿ ಕಟ್ಟಿಗೆ ಒಣಗಿ ಬೂದಿ ಬಣ್ಣವಾಗಿತ್ತು. ಪಟ್ಟಿಯ ಮೇಲಂಚಿನ ತೊಗಟೆ ಏಟು ತಿಂದ ತುಟಿಯಂತೆ ಬಾತುಕೊಂಡಿತ್ತು. ಕೆಳಗಂಚು ಚಪ್ಪಟೆಯಾಗಿ ಸೊರಗಿತ್ತು.

ಆ ಬಾವಿನ ಅರ್ಥ ನನಗೆ ಗೊತ್ತಿತ್ತು. ಒಂಬತ್ತನೇ ತರಗತಿಗೆ ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಈ ಚಿತ್ರ ಬರೆಯುತ್ತೇನೆ. ಬೇರು ಹೀರಿದ ನೀರು, ಲವಣ ಕಟ್ಟಿಗೆಯೊಳಗಿನ ಸಣ್ಣ ಕೊಳವೆಗಳಲ್ಲಿ ಎಲೆಗೆ ಏರುತ್ತದೆ. ಎಲೆ ಬಿಸಿಲಲ್ಲಿ ಅಡುಗೆ ಮಾಡಿ, ಆ ಸಕ್ಕರೆಯನ್ನು ತೊಗಟೆಯ ಒಳಪದರದಲ್ಲಿ ಬೇರಿಗೆ ಇಳಿಸುತ್ತದೆ. ಏರುವ ದಾರಿ ಬೇರೆ, ಇಳಿಯುವ ದಾರಿ ಬೇರೆ. ತೊಗಟೆ ಸುಲಿದರೆ ನೀರು ನಿಲ್ಲುವುದಿಲ್ಲ, ಆದ್ದರಿಂದ ಮರ ತಕ್ಷಣ ಬಾಡುವುದಿಲ್ಲ. ಊಟ ಮಾತ್ರ ಕೆಳಗಿಳಿಯದೆ ಗಾಯದ ಮೇಲೆ ತುಂಬಿ ಬಾತುಕೊಳ್ಳುತ್ತದೆ. ಮಿಕ್ಕದ್ದೆಲ್ಲ ಕಾಯಿಗೆ ಹೋಗುತ್ತದೆ. ಹೋದ ವರ್ಷ ನಾವು ಚಪ್ಪರಿಸಿದ ಉಪ್ಪಿನಕಾಯಿ ಬೇರಿನ ಬಾಯಿಂದ ಕಸಿದ ತುತ್ತು. ಕೆಳಗೆ ಬೇರು ಉಪವಾಸ ಬಿದ್ದೂ ಮೇಲಕ್ಕೆ ನೀರು ಎತ್ತಿ ಕೊಡುತ್ತಿತ್ತು, ಸಾಯುವ ತನಕ.

ಅಂದರೆ ಕೊಂದವರು ನಮ್ಮ ಮಾವ. ಕೊಂದವರೇ ತಮ್ಮನನ್ನು ಬೀದಿಗೆ ಎಳೆದಿದ್ದಾರೆ, ನನ್ನ ತಂಗಿಯ ತಲೆಯನ್ನು ದೇವರ ಮುಂದೆ ಒಡ್ಡಲು ಹೊರಟಿದ್ದಾರೆ. ನನಗೆ ಅವರ ಮೇಲೆ ಎಂಥ ಹೇಸಿಗೆ ಹುಟ್ಟಿತು ಎಂದರೆ, ಅವರು ಬಂದರೆ ತಟ್ಟೆ ಇಡಲಾರೆ ಎನಿಸಿತು.

"ಏನ ಮಾಡಾಕತ್ತೀಯ ಪುಷ್ಪಾ?" ಹಿಂದೆ ಅತ್ತೆ ನಿಂತಿದ್ದರು.

"ನೋಡಾಕತ್ತೇನ್ರಿ. ನಿಮ್ಮ ಯಜಮಾನರು ಗಿಡದ ಚರ್ಮಾ ಸುಲಿದಾರ. ನಿಮಗ ಗೊತ್ತಿತ್ತೇನ್ರಿ?"

ಅತ್ತೆ ಗಾಬರಿಯಾಗಲಿಲ್ಲ. ಬದಲು ನನ್ನ ಕಡೆಯೇ ತಪ್ಪು ಮಾಡಿದವಳನ್ನು ನೋಡುವಂತೆ ನೋಡಿದರು. "ಅದು ಉಡದಾರಲೇ ಹುಡುಗಿ. ಅರ್ಧ ಉಡದಾರ. ಕಾಯಿ ಬಿಡದ ಗಿಡಕ್ಕ ನಡಕ್ಕ ಅರ್ಧ ಸುತ್ತು ಸುಲೀತಾರ. ತಿಂದದ್ದೆಲ್ಲಾ ಬೇರಿಗೇ ಕಳಿಸೂದು ಬಿಟ್ಟು ಮಕ್ಕಳಿಗೂ ಕೊಡ್ಲಿ ಅಂತ. ನಮ್ಮ ಮಾವನೋರೂ ಇದ ಗಿಡಕ್ಕ ಮಾಡ್ತಿದ್ರು. ಒಬ್ಬರ ಹೋಗಬೇಕು, ಯಾರಿಗೂ ಹೇಳಬಾರದು, ಹೇಳಿದ್ರ ಫಲಾ ಹಿಡಿಯಂಗಿಲ್ಲ. ಅದಕ್ಕ ಇವರು ಮುಚ್ಚಿ ಇಟ್ಟಾರ. ಅರ್ಧ ಸುಲಿದ್ರ ಗಿಡ ಎಲ್ಲೆರ ಸಾಯ್ತೈತೇನು? ಮೂರು ವರ್ಷದ ಹಿಂದ ಮಾಡಿದ್ದು, ಮರುವರ್ಷ ನಮ್ಮ ಕಡಿ ಹೆಂಗ ಹಿಡೀತು, ಮರತಿಯೇನು?"

ಅತ್ತೆ ಹೇಳಿದ್ದು ನಿಜ. ಅರ್ಧ ಸುಲಿದರೆ ಮಿಕ್ಕರ್ಧ ತೊಗಟೆಯಲ್ಲಿ ಊಟ ಇಳಿಯುತ್ತದೆ, ಮರ ಬದುಕುತ್ತದೆ. ನನ್ನ ಪುಸ್ತಕವೂ ಅದನ್ನೇ ಹೇಳುತ್ತದೆ. ಮಾವ ಸುಳ್ಳು ಹೇಳುತ್ತಿರಲಿಲ್ಲ. ಅರ್ಧದಿಂದ ಸಾಯುವುದಿಲ್ಲ ಎಂದು ಗೊತ್ತಿದ್ದಕ್ಕೇ ಅವರಿಗೆ ತಮ್ಮನ ವಿಷದ ಮೇಲೆ ಅಷ್ಟು ಖಾತ್ರಿ.

ಆಗ ನನಗೆ ಬಸ್ಸಿನಲ್ಲಿ ತಂಗಿ ಹೇಳಿದ ಸೊನೆ ನೆನಪಾಯಿತು. ಅರ್ಧ ಉಡದಾರ ಕಟ್ಟುವುದನ್ನು ಅಜ್ಜ ಕಲಿಸಿದ್ದು ಒಬ್ಬ ಮಗನಿಗಷ್ಟೇ ಅಲ್ಲ.

ಅತ್ತೆಯನ್ನು ಒಳಗೆ ಕಳಿಸಿ ಗೋಡೆಯ ಬಳಿ ಕಿವಿಯಿಟ್ಟೆ. ಆಚೆ ಬಟ್ಟೆ ಜಾಲಿಸುವ ಸದ್ದು, ಸುರೇಖಾ ದವಾಖಾನೆಯಿಂದ ಮರಳಿದ್ದಳು. ಸಣ್ಣಗೆ ಕರೆದೆ. ಸದ್ದು ನಿಂತಿತು.

"ನಿಮ್ಮ ಮಾವ ಎಲ್ಲದಾರ?"

"ಮಲಗ್ಯಾರ. ಯಾಕಕ್ಕಾ? ಲಗೂ ಹೇಳು."

ಬೊಡ್ಡೆಯ ಮೇಲೆ ಏನು ಮುಚ್ಚಿದೆ ನೋಡು ಎಂದೆ. ಹಳೆ ತಗಡು ಒರಗಿಸಿದ್ದಾರೆ, ಅದರ ಹಿಂದೆ ಸಗಣಿ ಮೆತ್ತಿದೆ ಎಂದಳು. ಕೆರೆಯಲು ಹೇಳಿದೆ. ಸ್ವಲ್ಪ ಹೊತ್ತು ಕೆರೆಯುವ ಸದ್ದು, ಅವಳ ಏದುಸಿರು. ಆಮೇಲೆ, "ಅಕ್ಕಾ, ತೊಗಟಿ ಇಲ್ಲ ಇಲ್ಲಿ" ಎಂದಳು.

ಎರಡು ಅರ್ಧ ಸೇರಿ ಒಂದು ಎಂದುಕೊಂಡೆ. ಮರುಕ್ಷಣವೇ ಲೆಕ್ಕ ತಪ್ಪಿತು. ನಡುವೆ ಗೋಡೆಯಿದೆಯಲ್ಲ. ಮೊಳ ದಪ್ಪದ ಗೋಡೆ. ಅವರವರ ಹಿತ್ತಲಲ್ಲಿ ಕಾಣುವಷ್ಟನ್ನೇ ಸುಲಿದಿದ್ದರೆ ಗೋಡೆಯ ದಪ್ಪದಷ್ಟು ತೊಗಟೆ ಎರಡೂ ಬದಿಗೆ ಉಳಿಯಬೇಕು. ಅಷ್ಟು ಉಳಿದಿದ್ದರೂ ಸಾಕಿತ್ತು, ಬೇರಿಗೆ ಎರಡು ತುತ್ತು ಇಳಿದು ಮರ ಕುಂಟುತ್ತಾದರೂ ಬದುಕುತ್ತಿತ್ತು. ಮರ ಗಾಳಿಗೆ ತೂಗಿ ತೂಗಿ ಬೊಡ್ಡೆಗೂ ಗೋಡೆಗೂ ನಡುವೆ ಮಣ್ಣು ಉದುರಿ ಸಂದಿ ಬಿದ್ದಿದೆ. ನಾನು ಬಳೆ ಮೇಲೆ ಸರಿಸಿ ಆ ಸಂದಿಯಲ್ಲಿ ಕೈ ತೂರಿಸಿದೆ. ಗೋಡೆಯ ಗೆರೆ ದಾಟಿತು, ತೊಗಟೆ ಸಿಗಲಿಲ್ಲ. ಇನ್ನೂ ಒಳಗೆ ಹೋಯಿತು, ಬರಿ ಕಟ್ಟಿಗೆಯೇ. ಕುಡಗೋಲಿನ ತುದಿ ಎಳೆದ ಗೀರುಗಳು ಬೆರಳಿಗೆ ಹತ್ತಿದವು.

"ಸುರೇಖಾ, ನೀನೂ ಸಂದ್ಯಾಗ ಕೈ ಹಾಕು. ಎಲ್ಲಿ ತನಕ ಸುಲಿದಾರ ನೋಡು."

ಅವಳ ಬಳೆಗಳ ಸದ್ದು ಗೋಡೆಯೊಳಗಿಂದ ಕೇಳಿಸಿತು. ತಣ್ಣಗಿನದೇನೋ ನನ್ನ ಬೆರಳಿಗೆ ತಾಗಿತು. ನಾನು ಹೆದರಿ ಕೈ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಆಚೆಯಿಂದ ದನಿ ಬಂತು.

"ಅಕ್ಕಾ, ಇದು ನಿನ್ನ ಬೆರಳೇನ?"

ತೊಗಟೆಯಿಲ್ಲದ ಆ ಸಂದಿಯಲ್ಲಿ ನಾವು ಬೆರಳು ಹಿಡಿದುಕೊಂಡು ನಿಂತೆವು. ಅವಳು ಅಳುತ್ತಿದ್ದಳು. ಇನ್ನೊಂದು ಬದಿಯ ಸಂದಿಗೂ ಹೋಗಿ ಕೈ ಹಾಕಿದೆವು. ಅಲ್ಲಿಯೂ ಹಾಗೆಯೇ. ಇಬ್ಬರೂ ತಮ್ಮ ಅರ್ಧ ಮುಗಿದ ಮೇಲೆ, ಕಾಣದ ಕಡೆಗೆ ಕೈ ಚಾಚಿ ಇನ್ನೊಂದಿಷ್ಟು ಸುಲಿದಿದ್ದರು.

ರಾತ್ರಿ ಊಟವಾದ ಮೇಲೆ ಗಂಡನಿಗೆ ಹೇಳಿದೆ. ಶಂಭುಲಿಂಗ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡುವವನು, ಮಾತೂ ಅಷ್ಟೇ ತಣ್ಣಗೆ. "ಬಾಯಿ ಬಿಡಬ್ಯಾಡ. ನೀ ಮದ್ಲ ಕೊಯ್ದಿ, ನೀ ಆಮ್ಯಾಲೆ ಕೊಯ್ದಿ ಅಂತ ಹೊಸಾ ಜಗಳಾ ತಗೀತಾರ. ಆಣಿ ಮಾಡ್ಲಿ ಬಿಡು. ಇಬ್ಬರ ಮನಸ್ಸಿನಾಗೂ ತಾವು ಕೊಂದಿಲ್ಲ ಅಂತನ ಐತಿ. ಸುಳ್ಳ ಅಂತೂ ಆಗಂಗಿಲ್ಲ."

ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಇಬ್ಬರೂ ನೆಟ್ಟಗೆ ನಿಂತು ಸುಳ್ಳಿಲ್ಲದ ಆಣೆ ಮಾಡುತ್ತಾರೆ. ಇಬ್ಬರೂ ಇನ್ನೊಬ್ಬನದು ಸುಳ್ಳು ಎಂದು ಸಾಯುವ ತನಕ ನಂಬುತ್ತಾರೆ. ಆಮೇಲೆ ಅವರಿಬ್ಬರ ಕಣ್ಣು ಕೂಸಿನ ಮೇಲೆ. ಅದು ಕೆಮ್ಮಿದರೆ, ಎಡವಿದರೆ, ಶಾಲೆಯಲ್ಲಿ ಹಿಂದೆ ಬಿದ್ದರೆ, ನೋಡು ಅವನ ಆಣೆ ಎನ್ನುವುದಕ್ಕೆ ಕಾಯುತ್ತ ಕೂರುತ್ತಾರೆ. ನನ್ನ ತಂಗಿ ಆ ನಡುವೆ ಮಗು ಬೆಳೆಸಬೇಕು.

ಶನಿವಾರ ಕದರಮಂಡಲಗಿ ಗುಡಿಯಲ್ಲಿ ಜನ ಬಹಳ. ಪೂಜೆ ಮುಗಿಯುವ ತನಕ ಗುಡದಪ್ಪ ನಮ್ಮನ್ನು ಒಂದು ಬದಿಗೆ ನಿಲ್ಲಿಸಿದ. ಅಣ್ಣತಮ್ಮಂದಿರು ಮೈಮೇಲೆ ನೀರು ಸುರಿದುಕೊಂಡು ಒದ್ದೆ ಧೋತರದಲ್ಲಿ ಬಂದರು. ಇಬ್ಬರದೂ ಒಂದೇ ಮೂಗು, ಒಂದೇ ಬೋಳುತಲೆ, ಒಂದೇ ಬಿಗಿದ ದವಡೆ. ಸುರೇಖಾಳನ್ನು ನಡುವೆ ನಿಲ್ಲಿಸಿದರು. ಅವಳ ಗಂಡ ರಾಣೇಬೆನ್ನೂರಿನ ಬೀಜದ ಕಂಪನಿಯ ಕೆಲಸಕ್ಕೆ ರಜೆ ಹಾಕಿ ಬಂದಿದ್ದ, ಅಪ್ಪನಿಗೆ ಎದುರಾಡುವ ಧೈರ್ಯವನ್ನು ಮಾತ್ರ ತಂದಿರಲಿಲ್ಲ. ಅವಳು ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ತುಟಿ ಒಣಗಿ ಬಿಳುಪೇರಿತ್ತು.

"ಮದ್ಲ ರುದ್ರಮುನಿ" ಎಂದ ಗುಡದಪ್ಪ. "ನಾ ಹೇಳಿದ್ದ ಹೇಳು. ಗಿಡ ನಾ ಕೊಂದಿಲ್ಲ."

ಚಿಕ್ಕಮಾವನ ಕೈ ಮೇಲೆದ್ದಿತು, ಒಂದಿಷ್ಟೂ ನಡುಗದೆ.

"ನಿಂದ್ರಿ" ಎಂದೆ. ಗುಡಿಯಲ್ಲಿ ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. "ಮಾತು ಬದಲು ಮಾಡ್ರಿ."

"ಹೆಣಮಕ್ಕಳು ನಡುವ ಬಾಯಿ ಹಾಕಬಾರದು" ಎಂದರು ನನ್ನ ಮಾವ.

"ತಲಿ ಹೆಣಮಗಳದ ಐತಲ್ರಿ? ಹಂಗಂದಮ್ಯಾಲೆ ಬಾಯೂ ಇರಲಿ." ನಾನು ಗುಡದಪ್ಪನ ಕಡೆ ತಿರುಗಿದೆ. "ಇಬ್ಬರೂ ಗಿಡಕ್ಕ ಉಡದಾರ ಕಟ್ಯಾರ್ರಿ. ಇವರು ಈ ಕಡಿ, ಅವರು ಆ ಕಡಿ. ಗ್ವಾಡಿ ನಡುವ ಇತ್ತು, ಒಬ್ಬರಿಗೊಬ್ಬರು ಕಾಣಲಿಲ್ಲ."

ಇಬ್ಬರೂ ಅವತ್ತು ಮೊದಲ ಸಲ ಒಬ್ಬರನ್ನೊಬ್ಬರು ನೋಡಿದರು. ಆಶ್ಚರ್ಯ ಒಂದು ಕ್ಷಣ ಮಾತ್ರ. ಕೂಡಲೇ ಮಾವನ ಬೆರಳು ಮುಂದೆ ಬಂತು. "ಮೂರು ವರ್ಷದ ಹಿಂದಿಂದು ನಂದು! ಆಮ್ಯಾಲೆ ಕೊಯ್ದಾವ ಇಂವ! ಇಂವನ ಕೊಂದಾವ!"

"ನಂದು ಅರ್ಧ!" ಚಿಕ್ಕಮಾವ ಕೂಗಿದರು. "ಅಪ್ಪ ಕಲಿಸಿದಷ್ಟು. ಅರ್ಧಕ್ಕ ಯಾವ ಗಿಡಾನೂ ಸಾಯಂಗಿಲ್ಲ!"

"ನಂದೂ ಅರ್ಧನ!"

"ಹೌದಲ್ರಿ" ಎಂದೆ. "ಹಂಗಾರ ಆಣಿ ಸಸಾರ ಆತು. ಕೊಂದಿಲ್ಲ ಅನ್ನೂದು ಬ್ಯಾಡ. ನನ್ನ ಅರ್ಧ ದಾಟಿ ನನ್ನ ಕುಡಗೋಲು ಹೋಗಿಲ್ಲ, ಗ್ವಾಡಿ ಸಂದ್ಯಾಗ ನಾ ಕೈ ಚಾಚಿಲ್ಲ ಅಂತ ಹೇಳ್ರಿ. ಅಷ್ಟ ಹೇಳಿ ಆಕೀ ತಲಿ ಮ್ಯಾಲೆ ಕೈ ಇಡ್ರಿ."

ಚಿಕ್ಕಮಾವನ ಕೈ ಸುರೇಖಾಳ ತಲೆಯ ಮೇಲೆ ಗಾಳಿಯಲ್ಲೇ ನಿಂತಿತು. ಧೋತರದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಗುಡದಪ್ಪ, "ಹೇಳು ರುದ್ರಮುನಿ" ಎಂದ. ಅವರ ತುಟಿ ಅಲ್ಲಾಡಿತು. ಎತ್ತಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಒದ್ದೆ ಧೋತರಕ್ಕೆ ಒರೆಸಿಕೊಂಡರು.

"ಅಣ್ಣ ಹೊಲದ ಬದುವಿನಾಗ ವರ್ಷಾ ನಾಕು ಬೆರಳು ಒತ್ತತಿದ್ದ" ಎಂದರು ನೆಲ ನೋಡುತ್ತ. "ಗಿಡದಾಗರ ನಾಕು ಬೆರಳು ಹೆಚ್ಚಿಗಿ ನಂದಿರಲಿ ಅನಸ್ತು."

ಗುಡದಪ್ಪ ನನ್ನ ಮಾವನ ಕಡೆ ತಿರುಗಿದ. "ಶಂಕ್ರಪ್ಪ, ನೀ ಬಾ. ನೀನರ ಹೇಳು."

ಮಾವ ಒಂದು ಹೆಜ್ಜೆ ಮುಂದೆ ಬಂದರು. ತಮ್ಮನನ್ನು ಸೋಲಿಸಲು ಅವರಿಗೆ ಈಗ ಒಂದೇ ಮಾತು ಸಾಕಿತ್ತು. ಅವರು ಸುಳ್ಳು ಹೇಳುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಸುರೇಖಾ ತಲೆಯೆತ್ತಿ ಅವರನ್ನೇ ನೋಡಿದಳು. ಕೈ ಎತ್ತಲೇ ಇಲ್ಲ ಅವರು. "ಆಗಂಗಿಲ್ಲಪಾ" ಎಂದರು. ಅಷ್ಟೇ.

ಗಂಟೆ ಹೊಡೆದು ಹೋಗುವ ಜನ ನಮ್ಮ ಸುತ್ತ ಹಾದು ಹೋಗುತ್ತಿದ್ದರು. ಆಗ ಸುರೇಖಾ ಹೊಟ್ಟೆಯಿಂದ ಕೈ ತೆಗೆದು ಸೆರಗು ಸರಿಮಾಡಿಕೊಂಡಳು. "ಆಣಿಗಂತ ನನ್ನ ತಲಿ ಇನ್ನ ಯಾರಿಗೂ ಕೊಡಂಗಿಲ್ಲ" ಎಂದಳು. ದನಿ ಸಣ್ಣದು, ಆದರೆ ಎಲ್ಲರಿಗೂ ಕೇಳಿಸಿತು. "ಆಶೀರ್ವಾದ ಮಾಡೂದಿದ್ರ ಮಾಡ್ರಿ. ಇಲ್ಲಾಂದ್ರ ಮನಿಗೆ ನಡೀರಿ, ನಿಂದ್ರಾಕ ಆಗವಲ್ದು."

ಅವಳು ತಲೆ ಬಾಗಿಸಿದಳು. ಎರಡೂ ಮುದಿಕೈಗಳು ಒಟ್ಟಿಗೇ ಎದ್ದವು, ನಡುದಾರಿಯಲ್ಲಿ ಒಂದಕ್ಕೊಂದು ತಾಗಿ, ಬಿಸಿ ಮುಟ್ಟಿದಂತೆ ನಿಂತವು. ಇನ್ನೊಬ್ಬ ಹಿಂದೆ ಸರಿಯಲಿ ಎಂದು ಇಬ್ಬರೂ ಕಾದರು. ಇಲ್ಲಿಯೂ ಶುರುವಾಯಿತು ಎಂದು ನಾನು ಹಲ್ಲು ಕಚ್ಚಿದೆ. ಆಮೇಲೆ ನನ್ನ ಮಾವ ತಮ್ಮ ಕೈಯನ್ನು ತುಸು ಪಕ್ಕಕ್ಕೆ ಸರಿಸಿ ತಮ್ಮನಿಗೆ ಜಾಗ ಬಿಟ್ಟರು. ನೋಡುತ್ತ ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅಷ್ಟೇ ಅಷ್ಟು ಜಾಗ ಗೋಡೆಯ ಸಂದಿಯಲ್ಲಿ ಬಿಟ್ಟಿದ್ದರೆ ಮರ ಬದುಕುತ್ತಿತ್ತು.